ಹಳೆಯ ಜೀಪೋ, ಹೊಸ ವಾಹನವೋ?

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದ ಮೇಲೆ ಶರಾವತಿಯ ಹಿನ್ನೀರು ತುಮರಿಯ ಸೀಮೆಯನ್ನು ಸಾಗರದಿಂದ ಬೇರ್ಪಡಿಸಿತು. 2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ತೆರೆದು, ಅಲ್ಲಿ ಲಾಂಚಿಗಾಗಿ ಕಾಯುವ ಕಷ್ಟ ತಪ್ಪಿತು. ಆದರೆ ಟಾರು ಮುಗಿದು ಮಣ್ಣಿನ ಹಾದಿ ಮೊದಲಾಗುವಲ್ಲಿ ಮಲೆನಾಡಿನ ಹಳೆಯ ಚರ್ಚೆಯೊಂದು ಇನ್ನೂ ಉಳಿದಿದೆ: ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವಾಹನಗಳಲ್ಲಿ ಹಳೆಯ ಜೀಪು ಮೇಲೋ, ಇಂದಿನ ಐಷಾರಾಮಿ ವಾಹನ ಮೇಲೋ?

ಹಳೆಯ ಕಬ್ಬಿಣವೇ ಗಟ್ಟಿಯೆಂಬುದು ಒಂದು ಪಕ್ಷ. ಬೆಲೆಯೇ ಸಾಮರ್ಥ್ಯವೆಂಬುದು ಇನ್ನೊಂದು. ಎರಡೂ ವಿಜ್ಞಾನಕ್ಕೆ ಒಪ್ಪುವ ಮಾತುಗಳಲ್ಲ.

ಮೊದಲು ಹೊಸದರ ಹಿರಿಮೆಯನ್ನು ನೋಡೋಣ. ಕೊಡಚಾದ್ರಿಯ ಏರುದಾರಿಯಂತಹ ಕೊರಕಲಿನಲ್ಲಿ ಒಂದು ಚಕ್ರವು ನೆಲ ಬಿಟ್ಟಿತೆನ್ನಿ. ಸಾಧಾರಣ ಡಿಫರೆನ್ಷಿಯಲ್ ಒಂದು ಅಚ್ಚಿನ ಎರಡು ಚಕ್ರಗಳಿಗೂ ತಿರುಗುಬಲವನ್ನು ಸಮವಾಗಿ ಹಂಚುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ತಡೆಯಿಲ್ಲದ ಕಾರಣ ಅದಕ್ಕೆ ಬೇಕಾಗುವ ಬಲ ಅತ್ಯಲ್ಪ. ನೆಲದಲ್ಲಿರುವ ಜೊತೆಗಾರ ಚಕ್ರಕ್ಕೆ ದೊರೆಯುವುದೂ ಅಷ್ಟೇ. ಹಿಂದಿನ ಮತ್ತು ಮುಂದಿನ ಅಚ್ಚುಗಳಲ್ಲಿ ಒಂದೊಂದು ಚಕ್ರ ಹೀಗಾದರೆ ಹಳೆಯ ಜೀಪು ನಿಂತಲ್ಲೇ ನಿಲ್ಲುತ್ತದೆ. ಹೊಸ ವಾಹನದ ವಿದ್ಯುನ್ಮಾನ ಯಂತ್ರವು ವೃಥಾ ತಿರುಗುವ ಚಕ್ರಕ್ಕೆ ತಾನೇ ಬ್ರೇಕು ಹಾಕಿ ಕೃತಕವಾಗಿ ತಡೆಯನ್ನೊಡ್ಡುತ್ತದೆ. ಆಗ ಇನ್ನೊಂದು ಚಕ್ರಕ್ಕೂ ಬಲ ಬರುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ತಳವು ನೆಲದಿಂದ ಸುಮಾರು 22 ಸೆಂ.ಮೀ. ಎತ್ತರದಲ್ಲಿತ್ತು, 2020ರ ಲ್ಯಾಂಡ್ ರೋವರ್ ಡಿಫೆಂಡರ್ ಗಾಳಿಯ ಸಸ್ಪೆನ್ಷನ್ನಿನ ನೆರವಿನಿಂದ ಸುಮಾರು 29 ಸೆಂ.ಮೀ.ವರೆಗೆ ಏರಬಲ್ಲದು.

ಆದರೆ ಹಾದಿಯೂ ಪರೀಕ್ಷಕನೇ. ಗಟ್ಟಿನೆಲದ ಏರಿನಲ್ಲಿ ತೂಕದಿಂದ ಹೆಚ್ಚು ನಷ್ಟವಿಲ್ಲ. ಕೆಳಕ್ಕೆಳೆಯುವ ಬಲದಂತೆಯೇ ಘರ್ಷಣೆಯೂ ತೂಕದೊಡನೆ ಬೆಳೆಯುತ್ತದೆ. ಕೆಸರಿನಲ್ಲಿ ಮಾತು ಬೇರೆ. ಅಲ್ಲಿ ಟೈರು ಹೂಳುವುದು ಒತ್ತಡದಿಂದ, ಎಂದರೆ ತೂಕವನ್ನು ನೆಲ ಮುಟ್ಟಿದ ವಿಸ್ತಾರದಿಂದ ಭಾಗಿಸಿದ ಮೊತ್ತದಿಂದ. ವಿಲ್ಲಿಸ್ ಜೀಪಿನ ತೂಕ ಸುಮಾರು 1,100 ಕಿಲೋಗ್ರಾಂ. ಡಿಫೆಂಡರಿನದು ಅದರ ಇಮ್ಮಡಿ. ಟೈರಿನ ಗಾಳಿಯನ್ನು ತಗ್ಗಿಸಿ ವಿಸ್ತಾರವನ್ನು ಹೆಚ್ಚಿಸಬಹುದು. ಆದರೆ ಅಂದಕ್ಕಾಗಿ ದೊಡ್ಡ ರಿಮ್ಮಿಗೆ ತೊಡಿಸಿದ ತೆಳುಗೋಡೆಯ ಟೈರು ಅದಕ್ಕೆ ಒಗ್ಗದು. ಅಗಲವನ್ನೂ ಗಮನಿಸಬೇಕು: ಜೀಪಿನದು ಸುಮಾರು 157 ಸೆಂ.ಮೀ., ಡಿಫೆಂಡರಿನದು ಸುಮಾರು 2 ಮೀಟರು. ಎರಡು ಧರೆಗಳ ನಡುವಣ ಓಣಿಯಲ್ಲಿ ಈ ಅಂತರವನ್ನು ಯಾವ ವಿದ್ಯುನ್ಮಾನ ಯಂತ್ರವೂ ತುಂಬಿಕೊಡಲಾರದು.

ಆದುದರಿಂದ ನನ್ನ ಅಭಿಪ್ರಾಯವಿದು: ಸಾಮರ್ಥ್ಯವು ವಾಹನವೊಂದರ ಗುಣವಲ್ಲ, ವಾಹನ, ನೆಲ, ದುರಸ್ತಿಯ ಅನುಕೂಲ, ಈ ಮೂರರ ಸಂಬಂಧ. ಕೆಟ್ಟ ಜೀಪನ್ನು ಊರಿನ ಮೆಕ್ಯಾನಿಕನು ಸ್ಪ್ಯಾನರಿನಿಂದ ಬಹುಮಟ್ಟಿಗೆ ಸರಿಪಡಿಸಬಲ್ಲ. ಸಂವೇದಕವೊಂದು ಕೆಟ್ಟ ಹೊಸ ವಾಹನವು ಪಟ್ಟಣದ ಕಂಪ್ಯೂಟರಿಗಾಗಿ ಕಾಯಬೇಕಾದೀತು. ಹಾಗೆಂದು ಹಳೆಯದನ್ನೇ ಪೂಜಿಸಬೇಕೆಂದಲ್ಲ. ಅಪಘಾತದಲ್ಲಿ ಒಳಗಿನವರನ್ನು ಕಾಯುವ ಏರ್ಪಾಡು ಹೊಸದರಲ್ಲಿ ಎಷ್ಟೋ ಮೇಲು.

ಮಳೆಗಾಲದ ನಡುರಾತ್ರಿ ಒಳಹಳ್ಳಿಯ ರೋಗಿಯನ್ನು ಟಾರು ರಸ್ತೆಗೆ ತಲುಪಿಸಬೇಕಾದಾಗ ಈ ವಿವೇಚನೆ ಬರಿಯ ವಿನೋದವಾಗಿರದು. ಅಂತಹ ಕೆಲಸಕ್ಕೆ ವಾಹನವನ್ನು ಆರಿಸುವವರು ಬೆಲೆಪಟ್ಟಿಯನ್ನೂ ಹಳೆಯ ಅಭಿಮಾನವನ್ನೂ ಬದಿಗಿಟ್ಟು, ಮೊದಲು ಹಾದಿಯ ಅಗಲವನ್ನು ಅಳೆಯಲಿ, ಆಷಾಢದಲ್ಲಿ ಅದರ ಕೆಸರನ್ನು ತುಳಿದು ನೋಡಲಿ. ಭೌತಶಾಸ್ತ್ರವನ್ನು ಕಲಿಯುವ ತರುಣರು ಊರಿಗೆ ಇಷ್ಟನ್ನಾದರೂ ಹೇಳಿಕೊಡಬಲ್ಲರು.