ಪೇಠ, ಪೇಟ, ಪೀಠ

ಪುಣೆಗೆ ಬಂದ ಕನ್ನಡಿಗರಿಗೆ ಮೊದಲು ಗಂಟುಬೀಳುವ ಮಾತು ‘ಪೇಠ’. ಅದು ನಮ್ಮ ಪೇಟೆಯೇ. ಬುಧವಾರ, ಶನಿವಾರ, ಸದಾಶಿವ, ನಾರಾಯಣ, ಹೀಗೆ ಹಲವುಂಟು. ಆದರೆ ಸೀರೆಯಂಗಡಿಯ ‘ನಾರಾಯಣಪೇಟ’ ಇಲ್ಲಿಯ ಓಣಿಯದಲ್ಲ, ರಾಯಚೂರಿನಾಚೆ ತೆಲಂಗಾಣದ ಊರಿನದು. ಮೈಸೂರು ಪೇಟವೋ, ತಲೆಗೆ ಸುತ್ತುವುದು. ಪೀಠ ಕೂಡುವುದು, ಮೇಜು ಕುರ್ಚಿಗಳೆಲ್ಲ ಪೀಠೋಪಕರಣ. ಮರಾಠಿ ಅಡಿಗೆಮನೆಯಲ್ಲಿ ಮಾತ್ರ ಪೀಠವೆಂದರೆ ಹಿಟ್ಟು! ಅಜ್ಜಿ ಶೃಂಗೇರಿ ಪೀಠದ ಮಾತೆತ್ತಿದರೆ ನಮ್ಮ ಮಕ್ಕಳು, “ಗೋಧಿಯದೋ, ಜೋಳದ್ದೋ?” ಎನ್ನುತ್ತಾರೆ. ಅಜ್ಜಿಗೆ ನಗು ಬಾರದು. ಮೊಮ್ಮಕ್ಕಳ ಮಾತು ತನಗೆ ತಿಳಿಯದೆ ಹೋದೀತೆಂಬ ಅಳುಕು. ಮಕ್ಕಳನ್ನು ಗದರಿಸಿ ಫಲವಿಲ್ಲ. ಹಿಟ್ಟಿನ ಗಿರಣಿಗೆ ನಾವೀಗ ಅಜ್ಜಿ-ಮೊಮ್ಮಕ್ಕಳನ್ನು ಜೊತೆಯಾಗಿ ಕಳಿಸುತ್ತೇವೆ. ದಾರಿಯ ಫಲಕಗಳನ್ನು ಓದುವುದು ಮಕ್ಕಳ ಪಾಲು. ಅವಕ್ಕೆ ಕನ್ನಡದ ಅರ್ಥ ಹೇಳುವುದು ಅಜ್ಜಿಯದು.