ಕೌದಿ, ಕಂಬಳಿ ಮತ್ತು ಕುರಿಯ ದಾರಿ

ದೀಪಾವಳಿ ಕಳೆದು ಹಿಂಗಾರಿ ಬಿತ್ತನೆ ಮುಗಿಯುವ ಹೊತ್ತಿಗೆ ಘಟಪ್ರಭೆಯ ದಂಡೆಯ ಊರುಗಳಲ್ಲಿ ಚಳಿ ಇಳಿಯತೊಡಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಬೇಸಗೆಯಲ್ಲಿ ಹೊಲಿದು ಮಡಚಿಟ್ಟ ಕೌದಿಗಳು ಆಗ ಹೊರಗೆ ಬರುತ್ತವೆ. ಅಟ್ಟದ ಮೇಲಿನ ಕರಿಯ ಕಂಬಳಿಯನ್ನು ಬಿಸಿಲಿಗೆ ಹಾಕಿ ಕೊಡವುತ್ತಾರೆ. ಬಾಣಂತಿಯಿರುವ ಮನೆಯಲ್ಲಿ ಕೂಸಿಗೆ ಕುಂಚಿಗೆ, ಕುಲಾಯಿ ಸಿದ್ಧವಾಗುತ್ತವೆ. ಹೆಣಿಗೆ ಬಲ್ಲ ಹೆಣ್ಣುಮಕ್ಕಳು ಸಂಜೆಯ ಹೊತ್ತು ಸೂಜಿ ಹಿಡಿದು ಸ್ವೆಟರು, ಟೋಪಿ, ಕಾಲುಚೀಲ ಹೆಣೆಯುತ್ತಾರೆ. ಕಾಡು, ಗಣಿ, ಅಣೆಕಟ್ಟು ಎಂದು ಬರೆಯುವ ಬೆಟ್ಟಸೀಮೆಯ ಪತ್ರಿಕೆಗೆ ಈ ಸೂಜಿದಾರದ ಸಂಗತಿ ಏಕೆ ಎಂದು ಕೆಲವು ಓದುಗರಿಗೆ ಅನಿಸೀತು. ಮಲೆನಾಡಿನಲ್ಲಿ ಮುಂಗಾರಿನುದ್ದಕ್ಕೂ ಗದ್ದೆಗಿಳಿಯುವವನ ತಲೆಯ ಮೇಲೆ ಕೊಪ್ಪೆಯಾಗಿ ಕುಳಿತ ಕಂಬಳಿ ಬಯಲುಸೀಮೆಯ ಕುರಿಯ ಮೈಮೇಲೆ ಬೆಳೆದದ್ದು. ನಾವು ಹೊದ್ದದ್ದು ಎಲ್ಲಿಂದ ಬಂತೆಂಬುದನ್ನು ಮರೆತರೆ, ಅದನ್ನು ಬೆಳೆಸಿದ ಹುಲ್ಲುಗಾವಲು ಹೋದದ್ದೂ ನಮಗೆ ತಿಳಿಯದು.

ಕೌದಿಯಿಂದಲೇ ತೊಡಗೋಣ. ಸುಗ್ಗಿ ಮುಗಿದು ಹೊಲದ ಕೆಲಸ ತೆರವಾದಾಗ ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳನ್ನು ಒಗೆದು ಒಣಗಿಸಿ, ಇನ್ನೂ ಗಟ್ಟಿಯಿರುವ ಭಾಗಗಳನ್ನು ಕತ್ತರಿಸಿ ಪದರ ಪದರವಾಗಿ ಹಾಸುತ್ತಾರೆ. ಪಡಸಾಲೆಯಲ್ಲಿ ಇಬ್ಬರು ಮೂವರು ಸುತ್ತ ಕುಳಿತು ಸಾಲು ಸಾಲಾಗಿ ದಾರ ಓಡಿಸುತ್ತಾರೆ. ಇಂಥ ತುಂಡು ಇಂಥವಳ ಸೀಮಂತದ ಸೀರೆಯದು, ಇದು ತವರಿನಿಂದ ಬಂದದ್ದು, ಇದು ತೀರಿಕೊಂಡ ಮಾವನ ಧೋತರ ಎಂದು ಮಾತು ಸೂಜಿಯ ಜೊತೆಗೇ ಸಾಗುತ್ತದೆ. ಕಾಣದ ಅಜ್ಜನ ಬಟ್ಟೆ ಒಳಪದರವಾಗಿ ಮೊಮ್ಮಗನ ಮೈಗೆ ತಾಗುತ್ತದೆ. ಖಾನಾಪುರ, ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಲ್ಲಿ ಮಡಚಿದ ಚಿಂದಿಯ ತ್ರಿಕೋನಗಳನ್ನು ಕೂರಿಸಿ ಹೊಲಿಯುತ್ತಾರೆ. ಅದಕ್ಕೆ ಫೂಲ ಎಂದೇ ಹೆಸರು. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದ ಕೌದಿಯಲ್ಲ. ನಮ್ಮ ಕಮ್ಮಟಗಳಲ್ಲಿ 'ಮರುಬಳಕೆ' ಎಂಬ ಪದವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು ವಿವರಿಸುತ್ತೇವೆ. ಈ ಹೆಂಗಸರಿಗೆ ಆ ಪದದ ಅಗತ್ಯವೇ ಬಿದ್ದಿರಲಿಲ್ಲ.

ಕುಂಚಿಗೆಯ ಸೊಗಸೂ ಕಡಿಮೆಯದಲ್ಲ. ಕೂಸಿನ ನೆತ್ತಿ, ಕಿವಿ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಈ ಉಡುಪನ್ನು ಗುಳೇದಗುಡ್ಡದ ಖಣದಲ್ಲಿ ಹೊಲಿದರೆ ಅಜ್ಜಿಗೆ ಸಮಾಧಾನ. ಕೂಸು ಅದನ್ನು ತೊಡುವುದು ಕೆಲವೇ ತಿಂಗಳು. ಮಡಚಿಟ್ಟ ಕುಂಚಿಗೆ ಮುಂದಿನ ಕೂಸಿಗಾಗಿ ಕಾಯುತ್ತದೆ.

ಇವು ಹತ್ತಿಯ ಮಾತಾದವು. ಗೋಕಾಕ ಹತ್ತಿಯ ಊರೇ ಹೌದು. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ಬಲವನ್ನು ನಂಬಿ ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಅಲ್ಲಿ ನೂಲಿನ ಗಿರಣಿ ತಲೆಯೆತ್ತಿತು. ಗಿರಣಿ ಹತ್ತಿಯನ್ನು ನೂತಿತು. ಕುರಿಯ ಉಣ್ಣೆ ಮಾತ್ರ ಹಟ್ಟಿಯ ರಾಟಿಯಲ್ಲೇ ಉಳಿಯಿತು.

ಈ ಸೀಮೆಯ ಕುರಿ ದಖನಿ ತಳಿಯದು. ಕರಿಯ, ಒರಟು ಉಣ್ಣೆ. ವರ್ಷಕ್ಕೆರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಒಟ್ಟು ಒಂದು ಕಿಲೋ ದೊರೆಯುವುದಿಲ್ಲ. ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಹಿಂಜಿ, ನೂಲಬೇಕು. ಹಾಲುಮತದ ಮನೆಗಳಲ್ಲಿ ನೂಲುವುದು ಬಹುಮಟ್ಟಿಗೆ ಹೆಂಗಸರ ಪಾಲಿನದು, ಅದರಲ್ಲೂ ವಯಸ್ಸಾದವರದು, ನೇಯುವುದು ಗಂಡಸರದು. ಹಾಸಿನ ಎಳೆಗಳಿಗೆ ಹುಣಸೆ ಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಬಳಿದು, ಕುಂಚದಿಂದ ತೀಡಿ ಒಣಗಿಸುತ್ತಾರೆ. ಆಮೇಲೆ ಗುಣಿಮಗ್ಗಕ್ಕೆ ಇಳಿಯುತ್ತಾರೆ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುತ್ತದೆ, ಬಳಸಿದಷ್ಟೂ ಮೆದುವಾಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆಳೆದುಕೊಂಡರೂ ಮೈಗೆ ಒದ್ದೆಯೆನಿಸದು. ತೇವ ಹೀರುವಾಗ ಅದು ಅಷ್ಟಿಷ್ಟು ಶಾಖವನ್ನೂ ಹೊರಗೆ ಬಿಡುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದು ಕುರಿಯ ಹಿಂದೆ ನಡೆದವರಿಗೆ ಇದನ್ನು ಹೇಳಲು ಪ್ರಯೋಗಶಾಲೆ ಬೇಕಿರಲಿಲ್ಲ.

ಒಂದೇ ಕಂಬಳಿ ಹಾಸಿಗೆ, ಹೊದಿಕೆ, ಕೊಪ್ಪೆ, ಧಾನ್ಯ ಒಣಗಿಸುವ ಹಾಸು ಎಲ್ಲವೂ ಆಗುತ್ತಿತ್ತು. ಬೀರಪ್ಪನ ಗುಡಿಯಲ್ಲಿ ಅದು ಗದ್ದುಗೆ. ಗೊರವಯ್ಯನ ಮೈಮೇಲೆ ದೀಕ್ಷೆಯ ಗುರುತು. ಮಡಿವಂತರ ಮನೆಯಲ್ಲಿ ಉಣ್ಣೆಯ ಧಾಬಳಿ ಮಡಿಯ ಬಟ್ಟೆ. ಕುರುಬರ ಹಟ್ಟಿಯ ಎಳೆ ಅಗ್ರಹಾರದ ಮಡಿಗೂ ಒದಗಿತೆಂಬುದು, ಜಾತಿಯ ಗೋಡೆ ಇಷ್ಟು ಎತ್ತರವಿದ್ದ ನಾಡಿನಲ್ಲಿ, ನೆನಪಿಡತಕ್ಕ ಮಾತು.

ಈಗಿನ ಸ್ಥಿತಿ ಬೇರೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರಗಳ ತರುವಾಯದ ಸ್ಥಾನ ನಮ್ಮದು. ಕುರಿಗೆ ಬರವಿಲ್ಲ. ದೇಶದ ಉಣ್ಣೆಯ ಉತ್ಪಾದನೆ ಮಾತ್ರ 2014-15ರಲ್ಲಿ ಸುಮಾರು 4.8 ಕೋಟಿ ಕಿಲೋ ಇದ್ದದ್ದು 2022-23ರ ವೇಳೆಗೆ ಸುಮಾರು 3.4 ಕೋಟಿ ಕಿಲೋಗೆ ಇಳಿಯಿತು. ಕುರಿ ಮಾಂಸದ ಲೆಕ್ಕದ ಪ್ರಾಣಿಯಾಗಿದೆ. ಬೇಗ ತೂಕ ಬರುವ, ಮೈಮೇಲೆ ಉಣ್ಣೆಯಿಲ್ಲದೆ ಬರಿಯ ಕೂದಲಿರುವ ತಳಿಗಳ ಟಗರು ಹಿಂಡಿಗೆ ಬಂದರೆ ಮರಿಗೆ ಹೆಚ್ಚು ಬೆಲೆ. ಉಣ್ಣೆ ತಲೆಮಾರಿನಿಂದ ತಲೆಮಾರಿಗೆ ತೆಳುವಾಗುತ್ತದೆ. ಕತ್ತರಿಸುವವರಿಗೆ ಕೊಡುವ ಕೂಲಿಯೂ ಉಣ್ಣೆಯ ಮಾರಾಟದಿಂದ ಹುಟ್ಟದ ಕಡೆ ಕುರಿಗಾರರು ಅದನ್ನು ಬೇಲಿಯ ಬದಿಗೆ ಎಸೆದು ಮುಂದೆ ಹೋಗುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ. ಹಿಂಡು ಸಾಕುವವನು ಮಕ್ಕಳ ಶಾಲೆಯ ಖರ್ಚನ್ನೂ ನೋಡಬೇಕಷ್ಟೆ.

ಅದೇ ಬೇಲಿಯಿಂದ ಕೂಗಳತೆಯ ದೂರದಲ್ಲಿ ಕೂಸಿನ ಟೋಪಿಗೆಂದು ಪೇಟೆಯಿಂದ ಬಣ್ಣದ ಉಂಡೆ ಬರುತ್ತದೆ. ಅದನ್ನು ನಾವು 'ಉಲನ್' ಎಂದು ಕರೆಯುತ್ತೇವೆ. ಬಹುಪಾಲು ಉಂಡೆಗಳಲ್ಲಿ ಉಲನ್ ಇರುವುದು ಹೆಸರಿನಲ್ಲಿ ಮಾತ್ರ. ಒಳಗಿರುವುದು ಅಕ್ರಿಲಿಕ್, ಎಂದರೆ ಪೆಟ್ರೋಲಿಯಂ ಮೂಲದಿಂದ ಎಳೆದ ಪ್ಲಾಸ್ಟಿಕ್ ದಾರ. 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು, ಯಂತ್ರದಲ್ಲಿ ಆರು ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಂದು ಸಲ ಒಗೆದಾಗ ಏಳು ಲಕ್ಷಕ್ಕೂ ಮಿಕ್ಕಿ ಸೂಕ್ಷ್ಮ ಎಳೆಗಳು ನೀರಿಗೆ ಬೀಳಬಹುದೆಂದು ಅಂದಾಜು ಮಾಡಿದರು. ನಮ್ಮ ಊರಿನ ಒಗೆತದ ಬಂಡೆಯ ಲೆಕ್ಕ ಬೇರೆಯಾಗಬಹುದು. ಎಳೆ ಹೋಗಿ ಸೇರುವುದು ಮಾತ್ರ ಹಿರಣ್ಯಕೇಶಿ, ಮಾರ್ಕಂಡೇಯ, ಘಟಪ್ರಭೆಗಳನ್ನೇ. ಹೊದಿಕೆಯ ಕತೆಯೂ ಇದೇ. ಪಾಣಿಪತ್ತಿನಿಂದ ಬರುವ, ಹುಲಿಯ ಚಿತ್ರವಿರುವ ಮೆತ್ತನೆಯ ರಗ್ಗುಗಳು ಪಾಲಿಯೆಸ್ಟರಿನವು. ಅಗ್ಗ, ಹಗುರ, ಕಣ್ಣಿಗೆ ಚೆಂದ. ಮದುವೆಯಲ್ಲಿ ಆಯೇರಿಗೂ ಅವೇ ಬಂದವು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ದಖನಿ ಉಣ್ಣೆಯಿಂದ ಎಳೆಗೂಸಿನ ಸ್ವೆಟರು ಹೆಣೆಯಿರೆಂದು ನಾವು ಹೇಳುವುದಿಲ್ಲ. ಅದು ಚುಚ್ಚುತ್ತದೆ. ಕಂಬಳಿಯ ಮೇಲೆ ಕುಳಿತು ಉಣ್ಣುತ್ತ ಕೂದಲು ಆರಿಸಿದ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮೈಗೆ ತಾಗುವಲ್ಲಿ ಹತ್ತಿ, ಅದರ ಮೇಲೆ ಉಣ್ಣೆ ಎಂಬುದು ನಮ್ಮ ಹಿರಿಯರ ಕ್ರಮ: ಕೌದಿ ಒಳಗೆ, ಕಂಬಳಿ ಹೊರಗೆ. ಅಕ್ರಿಲಿಕ್ ದಾರ ಹಿಡಿದ ತಾಯಿಯನ್ನು ತಪ್ಪಿತಸ್ಥಳನ್ನಾಗಿ ನಿಲ್ಲಿಸುವುದೂ ನಮ್ಮ ಉದ್ದೇಶವಲ್ಲ. ದಿನದ ದುಡಿಮೆಯೆಲ್ಲ ತೀರಿದ ಮೇಲೆ ಅವಳ ಪಾಲಿಗೆ ಉಳಿದ ಒಂದು ಗಂಟೆಯ ಸಂತೋಷ ಅದು. ಅವಳ ಕೈಗೆ ಬೇರೆ ದಾರ ಸಿಗದಂತೆ ಮಾಡಿದ್ದು ಯಾರು ಎಂಬುದೇ ಕೇಳಬೇಕಾದ ಪ್ರಶ್ನೆ.

ಉತ್ತರಕ್ಕೆ ನೆಲವನ್ನು ನೋಡಬೇಕು. ಹಿಂದೆ ಗೋಕಾಕ ತಾಲೂಕಿನೊಳಗೇ ಇದ್ದ ಮೂಡಲಗಿಯ ಕರಿನೆಲದಲ್ಲಿ ಜೋಳ, ಕಡಲೆ ಕಿತ್ತ ಮೇಲೆ ಹೊಲ ತೆರೆದಿರುತ್ತಿತ್ತು. ರೈತ ಕುರಿಗಾರನನ್ನು ಕರೆದು ಹೊಲದಲ್ಲಿ ಕುರಿ ತರುಬಿಸುತ್ತಿದ್ದ. ನೆಲಕ್ಕೆ ಹಿಕ್ಕೆ ಗೊಬ್ಬರ, ಕುರಿಗೆ ಕೂಳೆ, ಕುರಿಗಾರನಿಗೆ ಕಾಳು. ಘಟಪ್ರಭಾ ಕಾಲುವೆಯ ನೀರು, ಹಿಡಕಲ್ ಜಲಾಶಯದ ನೀರು ಬಂದವು; ಅವುಗಳ ಹಿಂದೆ ಕಬ್ಬು ಬಂತು. ನೀರು ಬರಬಾರದಿತ್ತೆಂದು ನಾವೇನೂ ಹೇಳಲಾರೆವು. ಕಬ್ಬು ಹೆಚ್ಚುಕಡಿಮೆ ವರ್ಷವಿಡೀ ಹೊಲವನ್ನು ಬಿಟ್ಟುಕೊಡದು. ಕುರಿ ಅಲ್ಲಿಗೆ ಕಾಲಿಡುವಂತಿಲ್ಲ. ಹಿಂಡಿಗೆ ಉಳಿದದ್ದು ಗೋಕಾಕದ ಕಲ್ಲುಗುಡ್ಡಗಳ ಕುರುಚಲು, ಹುಕ್ಕೇರಿಯ ಏರುಭೂಮಿ, ರಸ್ತೆಯ ಅಂಚು, ಗಾಯರಾಣ. ಸಂಸ್ಥೆಗೋ ಕಟ್ಟಡಕ್ಕೋ ಜಾಗ ಬೇಕಾದಾಗ ಮೊದಲು ಕಣ್ಣು ಬೀಳುವುದು ಆ ಗಾಯರಾಣದ ಮೇಲೆಯೇ, ಏಕೆಂದರೆ ಕಡತದಲ್ಲಿ ಅದು 'ಪಾಳು'.

ಈ 'ಪಾಳು' ಎಂಬ ಶಬ್ದದ ಜೊತೆ ಕರ್ನಾಟಕದ ಪರಿಸರ ಚಳವಳಿಗೆ ಹಳೆಯ ಜಗಳವಿದೆ. 1984ರಲ್ಲಿ ಸರ್ಕಾರದ ಅರಣ್ಯ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪೆನಿ ಕಟ್ಟಿದವು. ಜನ ದನಕರು ಮೇಯಿಸುತ್ತಿದ್ದ, ಸೌದೆ ಸೊಪ್ಪು ತರುತ್ತಿದ್ದ ಸುಮಾರು 30,000 ಹೆಕ್ಟೇರು ನೆಲದಲ್ಲಿ ನೀಲಗಿರಿ ಬೆಳೆಯುವುದು ಯೋಜನೆ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ರೈತರು, ಹೆಂಗಸರು, ಕಾರ್ಯಕರ್ತರು ಕೂಡಿ ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಅದೇ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ. 1991ರಲ್ಲಿ ಕಂಪೆನಿಯನ್ನು ಮುಚ್ಚುವ ನಿರ್ಧಾರವಾಯಿತು. ಆ ನೀಲಗಿರಿಯ ತಿರುಳು ಹೋಗಬೇಕಿದ್ದದ್ದು ಎಲ್ಲಿಗೆ? ರೇಯಾನ್ ಎಳೆಗೆ. ಕುರಿದನ ಮೇಯುವ ಗೋಮಾಳವನ್ನು ತೆಗೆದುಕೊಂಡು ಕಾರ್ಖಾನೆಯ ದಾರ ತೆಗೆಯುವ ಲೆಕ್ಕವದು. ಚಳವಳಿಯ ಚರಿತ್ರೆಯಲ್ಲಿ ಅದನ್ನು ನೆಲದ ಹೋರಾಟವೆಂದೇ ಓದುತ್ತ ಬಂದಿದ್ದೇವೆ. ಅದು ಎಳೆಯ ಹೋರಾಟವೂ ಆಗಿತ್ತು.

ಹಾಗಿದ್ದೂ ನಮ್ಮ ಸಭೆಗಳಲ್ಲಿ ಕುರಿಯ ಹೆಸರೆತ್ತಿದರೆ ಹಲವರ ಹುಬ್ಬು ಗಂಟಿಕ್ಕುತ್ತದೆ. ಕುರಿ ಹೊಕ್ಕ ಕಡೆ ಗಿಡ ಏಳದೆಂಬ ಮಾತು ಬರುತ್ತದೆ. ಚಿಗುರು ಕಾಡಿಗೆ ಹಿಂಡು ನುಗ್ಗಿದರೆ ನಷ್ಟವೆಂಬುದು ನಿಜ. ಅದಕ್ಕೆ ಋತುವಿನ ಕಟ್ಟಳೆ ಬೇಕು. ಆದರೆ ಹುಲ್ಲುಗಾವಲು ಮರವಿಲ್ಲದ ಕಾಡಲ್ಲ. ಅದಕ್ಕೆ ಅದರದೇ ಬಾಳಿದೆ. ಬಯಲಿನ ತೋಳ, ಎರಳೆಗಳು ಅಲ್ಲಿಯವು. ಕುರಿಯ ಕಾಲುದಾರಿಯನ್ನು ಬೇಲಿಯಿಂದ ಮುಚ್ಚಿ, ಅದೇ ಬೇಲಿಯೊಳಗೆ ಅಕೇಶಿಯ ನೆಟ್ಟು ಹಸುರಾಯಿತೆಂದು ಸಂಭ್ರಮಿಸುವುದು ಬೆಟ್ಟಸೀಮೆಯವರಾದ ನಮಗೆ ಒಪ್ಪುವ ಕೆಲಸವಲ್ಲ. ಏಕಜಾತಿಯ ನೆಡುತೋಪಿನ ಕಷ್ಟ ನಮ್ಮ ಬೆನ್ನಿನ ಮೇಲೇ ಬಿದ್ದದ್ದಿದೆ.

ಇನ್ನು ಕೂಲಿಯ ಮಾತು. ಕೌದಿ, ನೂಲು, ಹೆಣಿಗೆಗಳ ಸುಖವನ್ನು ಹಾಡಿ ಹೊಗಳುವವರು ಅದರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತನ್ನ ಮೊಮ್ಮಗನಿಗೆ ಹೊಲಿದ ಕೌದಿಗೆ ಅಜ್ಜಿ ಹಣ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮಾರಾಟಕ್ಕೆ ಹೋಗುವ ಕಂಬಳಿಗಾಗಿ ದಿನವಿಡೀ ರಾಟಿಯ ಮುಂದೆ ಕೂರುವವಳ ಮಾತು ಬೇರೆ. ಕಂಬಳಿಯ ಬೆಲೆಯಲ್ಲಿ ನೂತವಳ ಪಾಲು ತೀರ ಸಣ್ಣದಾದ್ದರಿಂದಲೇ ಅವಳ ಸೊಸೆ ರಾಟಿಯನ್ನು ಮುಟ್ಟುವುದಿಲ್ಲ. ಸೊಸೆಯ ಆ ನಿರಾಕರಣೆಯಲ್ಲಿ ವಿವೇಕವಿದೆ. ಪರಂಪರೆಯ ಹೆಸರಿನಲ್ಲಿ ಅವಳನ್ನು ಮತ್ತೆ ಕೂರಿಸುವ ಉಪದೇಶ ಬೇಡ. ನೂಲಿಗೆ ಕೂಲಿ ಕಟ್ಟಿಕೊಡುವ ವ್ಯವಸ್ಥೆ ಬೇಕು. ಹಿಂಜುವ ಯಂತ್ರವೊಂದು ಹೋಬಳಿಗೆ ಬಂದರೂ ಎದೆಗೆ ಹೋಗುವ ಧೂಳು, ತೋಳಿನ ನೋವು ಅಷ್ಟರಮಟ್ಟಿಗೆ ಇಳಿದಾವು. ಹೆಸರಿನಲ್ಲೇ ಉಣ್ಣೆಯನ್ನಿಟ್ಟುಕೊಂಡಿರುವ ರಾಜ್ಯದ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಕರಿಯ ಉಣ್ಣೆಗೆ ಒಂದು ತಳದ ಬೆಲೆಯನ್ನು ಗೊತ್ತುಪಡಿಸಬೇಕು. ಸರ್ಕಾರದ ವಿದ್ಯಾರ್ಥಿ ನಿಲಯಗಳು, ಆಸ್ಪತ್ರೆಗಳು ಕೊಳ್ಳುವ ಹೊದಿಕೆಗಳಲ್ಲಿ ಒಂದು ಪಾಲಾದರೂ ಈ ಸೀಮೆಯ ಮಗ್ಗದಿಂದ ಬರಬೇಕು. ಗ್ರಾಮಸಭೆಗಳು ಗಾಯರಾಣದ ಸರಹದ್ದನ್ನು ಅಳೆದು ಬರೆದಿಡಬೇಕು. ಈ ಕೆಲಸಕ್ಕೆ ಯಾವ ಇಲಾಖೆಯ ಅಪ್ಪಣೆಗೂ ಕಾಯಬೇಕಾಗಿಲ್ಲ.

ನಮ್ಮ ಬಳಗದ ಓದುಗರಲ್ಲಿ ಕಂಬಳಿ ಬೇಕೆಂದು ಕೇಳುವವರು ಇದ್ದಾರೆ. ಬಹಳ ಜನ ಕೇಳುವುದು ಮಳೆ ಹಿಡಿದ ಮೇಲೆ. ಆಗ ಹಾಸು ಒಣಗುವುದಿಲ್ಲ, ನೇಕಾರನೂ ಹೊಲಕ್ಕೆ ಇಳಿದಿರುತ್ತಾನೆ. ಬೇಕಾದವರು ಚಳಿಗಾಲದಲ್ಲೇ ಹಟ್ಟಿಗೆ ಹೋಗಿ ಉದ್ದ ಅಗಲ ತಿಳಿಸಿ, ಮುಂಗಡ ಕೊಟ್ಟು ಬರಬೇಕು. ನೂಲು ಯಾರದು, ಅವರಿಗೆ ಎಷ್ಟು ಸಂದಾಯವಾಯಿತು ಎಂದು ಕೇಳಲು ಸಂಕೋಚ ಬೇಡ. ಬಿಳಿಯದು ಬೇಕು, ಬಣ್ಣದ್ದು ಬೇಕು ಎಂದು ಹಟ ಹಿಡಿಯಬಾರದು. ಈ ಸೀಮೆಯ ಕುರಿ ಕರಿಯದು, ಅದರ ಉಣ್ಣೆಗೆ ಬಣ್ಣ ಹಾಕಬೇಕಾಗಿಲ್ಲ.