ಅಮೃತಬಳ್ಳಿ: ಹೆಚ್ಚಿಸುವುದೇ, ತಡೆಯುವುದೇ?

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ನೆರೆಯ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳ ಶಾಸನಗಳೊಡನೆ ಇದನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು ಎಂಬ ಉಪದೇಶ ಅದರಲ್ಲಿದೆ. ಮನುಷ್ಯರಿಗೂ ಪಶುಗಳಿಗೂ ಬೇಕಾದ ಮೂಲಿಕೆಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದ ಪ್ರಸ್ತಾಪ ಮಾತ್ರ ಇಲ್ಲಿಯದಲ್ಲ. ಅದು ಗಿರ್ನಾರ್ ಮೊದಲಾದೆಡೆಗಳಲ್ಲಿರುವ ಎರಡನೆಯ ಶಿಲಾಶಾಸನದ್ದು. ಸರ್ಕಾರಿ ಸೇವೆಯಲ್ಲಿದ್ದಾಗ ವೇದಿಕೆಗಳ ಮೇಲೆ ಇವೆರಡನ್ನೂ ಬೆರೆಸಿ ಮಾತನಾಡಿದವರಲ್ಲಿ ನಾನೂ ಒಬ್ಬ. ಈಗ ಔಷಧೀಯ ಸಸ್ಯಗಳ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಸಿದ್ದಾಪುರದ ಬಂಡೆಯ ಮೂರನೆಯ ಉಪದೇಶವೇ.

2020ರ ಕೊರೊನಾ ದಿನಗಳಲ್ಲಿ ಅಮೃತಬಳ್ಳಿಗೆ ಬಂದ ಬೇಡಿಕೆಯನ್ನು ಯಾರೂ ಮರೆತಿರಲಾರರು. ರಸ, ಪುಡಿ, ಗುಳಿಗೆ ಎಲ್ಲದರ ಮೇಲೂ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಒಂದೇ ಘೋಷವಾಕ್ಯ. ನಮ್ಮ ಮನೆಯ ಬೇವಿನ ಮರಕ್ಕೂ ಈ ಬಳ್ಳಿ ಹಬ್ಬಿದೆ. ಬೇವಿಗೆ ಹಬ್ಬಿದ್ದಕ್ಕೆ ಗುಣ ಹೆಚ್ಚು ಎಂಬ ನಂಬಿಕೆಯಿಂದ ನಾವಿಬ್ಬರೂ ತಿಂಗಳುಗಟ್ಟಲೆ ಬೆಳಗಿನ ಹೊತ್ತು ಕಷಾಯ ಕುಡಿದೆವು. ಹೆಚ್ಚುವುದು ಯಾವುದು, ಎಷ್ಟು, ಹೆಚ್ಚಿದರೆ ಒಳ್ಳೆಯದೇ ಎಂದು ಆಗ ಕೇಳಿಕೊಳ್ಳಲಿಲ್ಲ.

ರೋಗನಿರೋಧಕ ಶಕ್ತಿಯೆಂಬುದು ಒಂದೇ ವಸ್ತುವಲ್ಲ. ಅದರ ಒಂದು ಅಂಗ ‘ಕಾಂಪ್ಲಿಮೆಂಟ್’ ಅಥವಾ ಪೂರಕ ವ್ಯವಸ್ಥೆ. 19ನೆಯ ಶತಮಾನದ ಕೊನೆಯಲ್ಲಿ ಇದರ ಕೆಲಸವನ್ನು ತೋರಿಸಿಕೊಟ್ಟ ಬೆಲ್ಜಿಯಂನ ಜೂಲ್ಸ್ ಬೋರ್ಡೆ ಅವರಿಗೆ 1919ರ ನೊಬೆಲ್ ಪ್ರಶಸ್ತಿ ಸಂದಿತು. ರಕ್ತದ್ರವದಲ್ಲೂ ಜೀವಕೋಶಗಳ ಮೇಲೂ ಇರುವ 30ಕ್ಕೂ ಹೆಚ್ಚು ಪ್ರೋಟೀನುಗಳು ಒಂದು ಇನ್ನೊಂದನ್ನು ಎಬ್ಬಿಸುತ್ತ ಸಾಗಿ, ಕೊನೆಗೆ ಸೋಂಕುಕಾರಕ ಜೀವಿಯ ಹೊರಪದರದಲ್ಲಿ ರಂಧ್ರ ಕೊರೆಯುತ್ತವೆ. ಈ ಸರಣಿಯ ನಟ್ಟನಡುವೆ ಇರುವುದು ಸಿ3 ಎಂಬ ಪ್ರೋಟೀನು. ಸರಣಿ ಕೆಲಸ ಮಾಡದಿದ್ದರೆ ಸೋಂಕು ಗೆಲ್ಲುತ್ತದೆ; ಲಂಗುಲಗಾಮಿಲ್ಲದೆ ಓಡಿದರೆ ನಮ್ಮದೇ ರಕ್ತಕಣ, ಮೂತ್ರಪಿಂಡಗಳು ಹಾನಿಗೊಳ್ಳುತ್ತವೆ. ತೀವ್ರ ಕೋವಿಡ್ ರೋಗಿಗಳಲ್ಲಿ ಈ ವ್ಯವಸ್ಥೆ ಅತಿಯಾಗಿ ಕೆರಳಿದ್ದನ್ನು ವೈದ್ಯವಿಜ್ಞಾನ ದಾಖಲಿಸಿದೆ.

ಇದನ್ನು ಅಳೆಯುವ ಹಳೆಯ ವಿಧಾನ ಚಳ್ಳಕೆರೆ ಸೀಮೆಯ ಕುರಿಗಾರರಿಗೆ ಸೋಜಿಗವೆನಿಸೀತು. ಕುರಿಯ ಕೆಂಪು ರಕ್ತಕಣಗಳಿಗೆ ಪ್ರತಿಕಾಯ ಲೇಪಿಸಿ, ಪರೀಕ್ಷಿಸಬೇಕಾದ ರಕ್ತದ್ರವವನ್ನು ಸೇರಿಸುತ್ತಾರೆ. ಕಣಗಳು ಎಷ್ಟು ಒಡೆದವೋ ಪೂರಕ ವ್ಯವಸ್ಥೆ ಅಷ್ಟು ಚುರುಕು. 1997ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ಅಮೃತಬಳ್ಳಿಯಿಂದ ಬೇರ್ಪಡಿಸಿದ ಸಿರಿಂಜಿನ್ ಮತ್ತು ಕಾರ್ಡಿಯಾಲ್ ಎಂಬ ಸಂಯುಕ್ತಗಳನ್ನು, ಗಿನಿಯಿಲಿಯ ರಕ್ತದ್ರವ ಬಳಸಿ, ಹೀಗೆಯೇ ಪರೀಕ್ಷಿಸಿತು. ಕುರಿಯ ರಕ್ತಕಣಗಳು ಒಡೆಯುವುದು ಕಡಿಮೆಯಾಯಿತು. ಅಂದರೆ ಸಿ3 ಹಂತದಲ್ಲೇ ಸರಣಿಗೆ ತಡೆ ಬಿದ್ದಿತ್ತು. ಅದೇ ಅಧ್ಯಯನದಲ್ಲಿ ಬಳ್ಳಿಯ ಸಂಯುಕ್ತಗಳು ಪ್ರತಿಕಾಯಗಳ ಪ್ರಮಾಣವನ್ನು ಏರಿಸಿದ್ದೂ ಕಂಡಿತು. ಒಂದು ಕಡೆ ಲಗಾಮು, ಇನ್ನೊಂದು ಕಡೆ ಚಾವಟಿ! ಶೀಸೆಯ ಮೇಲೆ ಉಳಿದದ್ದು ಚಾವಟಿಯ ಮಾತು ಮಾತ್ರ.

ಅಮೃತಬಳ್ಳಿಯೊಂದೇ ಅಲ್ಲ. ತುಳಸಿಯಲ್ಲೂ ಇರುವ ರೋಸ್ಮರಿನಿಕ್ ಆಮ್ಲ ಸಿ3ಯ ಚುರುಕುಗೊಂಡ ತುಣುಕಿಗೆ ಅಂಟಿಕೊಂಡು ಸರಣಿಯನ್ನು ತಡೆಯುತ್ತದೆಂದು 1999ರಲ್ಲಿ ವರದಿಯಾಯಿತು. ಸಲ್ಲಕಿ ಮರದ ಅಂಟಿನ ಬೋಸ್ವೆಲಿಕ್ ಆಮ್ಲಗಳ ಬಗ್ಗೆಯೂ ಇಂಥದೇ ಫಲಿತಾಂಶವಿದೆ. ಇವೆಲ್ಲ ಪ್ರನಾಳದ ಮಾತು ಎಂಬುದನ್ನು ಮರೆಯಬಾರದು. ಲೋಟದಲ್ಲಿ ಕುಡಿದದ್ದು ಕರುಳನ್ನೂ ಯಕೃತ್ತನ್ನೂ ದಾಟಿ ಅದೇ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆಂದು ಇದರಿಂದ ಸಿದ್ಧವಾಗುವುದಿಲ್ಲ.

ತಡೆಯುವುದು ಕೀಳು ಕೆಲಸವೇನೂ ಅಲ್ಲ. ಪೂರಕ ಸರಣಿಯನ್ನು ತಡೆಯುವ ಎಕುಲಿಜುಮ್ಯಾಬ್ ಎಂಬ ಔಷಧಕ್ಕೆ 2007ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರಕ್ತಕಣಗಳು ತಾವಾಗಿಯೇ ಒಡೆಯುವ ಅಪರೂಪದ ಕಾಯಿಲೆಗೆ ಅದು ಜೀವದಾಯಿ. 2010ರ ವೇಳೆಗೆ ಒಬ್ಬ ರೋಗಿಗೆ ವರ್ಷಕ್ಕೆ 4 ಲಕ್ಷ ಡಾಲರಿಗೂ ಮಿಕ್ಕಿದ ಬೆಲೆ! ಅದನ್ನು ಪಡೆಯುವವರಿಗೆ ಮೆದುಳುಪೊರೆಯ ಒಂದು ಬಗೆಯ ಸೋಂಕಿನ ಅಪಾಯ ಹೆಚ್ಚುವುದರಿಂದ ಮೊದಲು ಲಸಿಕೆ ಕೊಡುತ್ತಾರೆ. ಆ ಎಚ್ಚರಿಕೆ ಔಷಧದ ಜೊತೆಗೇ ಬರುತ್ತದೆ.

ನಮ್ಮ ಮೂಲಿಕೆಗಳ ಜೊತೆಗೆ ಏನು ಬರುತ್ತದೆ? 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ್ದ 6 ರೋಗಿಗಳ ಯಕೃತ್ತಿಗೆ ಆದ ಹಾನಿಯನ್ನು ವರದಿ ಮಾಡಿದರು. ದೇಹವೇ ತನ್ನ ಯಕೃತ್ತಿನ ಮೇಲೆ ಎರಗಿದಂಥ ಲಕ್ಷಣಗಳಿದ್ದವು. ಇದಕ್ಕೆ ಪೂರಕ ವ್ಯವಸ್ಥೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಅದೇ ಜಾತಿಯ ಬೇರೊಂದು ಬಳ್ಳಿಯೊಡನೆ ಗೊಂದಲವಾಗಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಹಾಗಿದ್ದ ಪಕ್ಷದಲ್ಲಿ ಪ್ರಶ್ನೆ ಇನ್ನೂ ಗಂಭೀರ: ಪುಡಿಯಾದ ಮೇಲೆ ಕೊಳ್ಳುವವನು ಬಳ್ಳಿಯನ್ನು ಗುರುತಿಸುವುದಾದರೂ ಹೇಗೆ?

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಕಳಪೆ ಮಾಲು ಒಳ್ಳೆಯದನ್ನು ಮಾರುಕಟ್ಟೆಯಿಂದಲೇ ಹೊರದೂಡುತ್ತದೆಂದು ಅರ್ಥಶಾಸ್ತ್ರಜ್ಞ ಅಕೆರ್ಲಾಫ್ 1970ರಲ್ಲೇ ತೋರಿಸಿದ್ದರು. ಇಲ್ಲಿ ಮಾರುವವನಿಗೂ ತಿಳಿದಿರುವುದು ಅಷ್ಟಕ್ಕಷ್ಟೇ. ಹಿತ್ತಲಿನ ಬಳ್ಳಿಗೆ ಪೇಟೆಂಟ್ ಸಿಗದ ಕಾರಣ ಯಾವ ಕಂಪನಿಯೂ ಅದರ ಪರೀಕ್ಷೆಗೆ ದೊಡ್ಡ ಹಣ ಸುರಿಯುವುದಿಲ್ಲ. ಆ ಕೆಲಸ ಸರ್ಕಾರದ್ದು. ಸರ್ಕಾರ ಮಾಡಿದ್ದೇನು? ಇಂಥ ಔಷಧಗಳ ಜಾಹೀರಾತಿಗೆ ಪೂರ್ವಾನುಮತಿ ಬೇಕೆಂದು 2018ರಲ್ಲಿ ಸೇರಿಸಿದ್ದ 170ನೆಯ ನಿಯಮವನ್ನು ಕೇಂದ್ರವು 2024ರ ಜುಲೈನಲ್ಲಿ ಕೈಬಿಟ್ಟಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತಾದರೂ 2025ರಲ್ಲಿ ಪ್ರಕರಣ ಮುಗಿದಾಗ ಆ ತಡೆಯೂ ತೆರವಾಯಿತು.

ಸಿದ್ದಾಪುರದ ನೆರೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅಮೃತಮಹಲ್ ಕಾವಲಿನ ಸುಮಾರು 1,500 ಎಕರೆ ದೊರೆತಿದೆ. ಅದು ಕುರಿಗಾರರು ತಲೆಮಾರುಗಳಿಂದ ಮಂದೆ ಮೇಯಿಸಿದ ನೆಲ. ಕುರಿಯ ರಕ್ತಕಣಗಳ ಈ ಪರೀಕ್ಷೆ ಭಾರೀ ಯಂತ್ರಗಳನ್ನು ಬೇಡುವಂಥದಲ್ಲ. ಹೆಚ್ಚು ಮಾರಾಟವಾಗುವ ಹತ್ತಿಪ್ಪತ್ತು ಮೂಲಿಕೆಗಳ ಗುರುತು ಖಚಿತಪಡಿಸಿ, ಮನುಷ್ಯನ ರಕ್ತದ್ರವದ ಮೇಲೆ ಅವುಗಳ ಪರಿಣಾಮವನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸುವ ಯೋಜನೆಗೆ ರಾಜ್ಯ ಸರ್ಕಾರ ಆ ಆವರಣದಲ್ಲಿಯೇ ಹಣ ಒದಗಿಸಬಹುದು. ಅಲ್ಲಿಯವರೆಗೆ ‘ಶಕ್ತಿ ಹೆಚ್ಚಿಸುತ್ತದೆ’ ಎಂದು ಶೀಸೆಯ ಮೇಲೆ ಅಚ್ಚು ಹಾಕುವವರು, ಯಾವ ಶಕ್ತಿ, ಯಾವ ಪರೀಕ್ಷೆಯಲ್ಲಿ ಎಂಬುದನ್ನೂ ಅದರ ಕೆಳಗೆ ಅಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಲಿ.